ಅವ್ವನ ಸೆರಗಿನಾಗಿನ ಹಸಿರು ಗುಳಿಗಿ

ಔರಾದ್ ತಾಲ್ಲೂಕಿನ ನಮ್ಮೂರಿಗೆ ಹೋದಾಗೆಲ್ಲ ಬೆಂಗಳೂರಿನಿಂದ ವಿಟಮಿನ್ ಇ ಸ್ಟ್ರಿಪ್ಪು ಒಯ್ಯುತ್ತಿದ್ದೆ, 400ರದ್ದು. ಅವ್ವನ ಮೊಳಕಾಲು ನೋವಿಗೆ. "ಉರಿಯೂತ ಕಮ್ಮಿ ಮಾಡ್ತದವ್ವಾ, ದಿನಾ ಒಂದು ತಗೋ" ಅಂದವನು ಯಾವ ಡಾಕ್ಟರೂ ಅಲ್ಲ, ಬಿ.ಇ. ಓದಿದ ನಾನು.

ಮೂರು ತಿಂಗಳಿಗೆ ಅವ್ವನ ಒಸಡಿನಿಂದ ರಕ್ತ ಬರತೊಡಗಿತು. ಭಾಲ್ಕಿಯಲ್ಲಿ ತೋರಿಸಿ, ಅಲ್ಲಿಂದ ಬೀದರಿಗೆ ಹೋದೆವು. "ವಾರ್ಫರಿನ್ ಜೊತಿ ಬ್ಯಾರೆ ಏನರ ತಗೋತೀರೇನ್ರಿ?" ಅಂತ ಡಾಕ್ಟರ್ ಕೇಳಿದರು. ಅವ್ವ ಸೆರಗಿನ ಗಂಟು ಬಿಚ್ಚಿ ನನ್ನ ಸ್ಟ್ರಿಪ್ಪು ಮುಂದಿಟ್ಟಳು. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ವಾರ್ಫರಿನ್ ಕೆಲಸ. ಮಿತಿಮೀರಿದ ವಿಟಮಿನ್ ಇ ಅದಕ್ಕೆ ಇನ್ನಷ್ಟು ಬಲ ಕೊಡಬಲ್ಲದು. ಅವ್ವ ವಾರ್ಫರಿನ್ ಮೇಲಿದ್ದದ್ದು ನನಗೆ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೇ.

ನಾನು ಓದಿದ್ದು ಸುಳ್ಳೇನಲ್ಲ. 1996ರಲ್ಲಿ ಅಮೆರಿಕದಲ್ಲಿ ಶ್ರೀದೇವಿ ದೇವರಾಜ್, ಈಶ್ವರಲಾಲ್ ಜಿಯಲಾಲ್ ಮತ್ತವರ ಜೊತೆಗಾರರು ಆರೋಗ್ಯವಂತರಿಗೆ ದಿನಕ್ಕೆ 1200 ಯೂನಿಟ್‌ನಂತೆ 8 ವಾರ ವಿಟಮಿನ್ ಇ ಕೊಟ್ಟರು. ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1ಬೀಟಾವನ್ನು ಕಡಿಮೆ ಹೊರಬಿಟ್ಟವು. ಖರೆ. ಆದ್ರ ಲಾಗ್‌ನಾಗ ಎರರ್ ಕಮ್ಮಿ ಕಂಡ್ರ ಬಗ್ ಹೋತು ಅಂತ ನಿಮ್ಮ ಆಫೀಸಿನಾಗ ಯಾರರ ಟಿಕೆಟ್ ಕ್ಲೋಸ್ ಮಾಡ್ತಾರೇನ್ರಿ?

ಮನುಷ್ಯರ ಮೇಲೇ ನೋಡಿದಾಗ ಏನಾಯ್ತು? 2000ದ ಹೋಪ್ ಅಧ್ಯಯನದಲ್ಲಿ ಹೃದಯಾಘಾತದ ಅಪಾಯವಿದ್ದ 9,541 ಜನ ಇದ್ದರು. ದಿನಕ್ಕೆ 400 ಯೂನಿಟ್, ನಾಲ್ಕೂವರೆ ವರ್ಷ. ಲಾಭ ಸೊನ್ನೆ. 2002ರಲ್ಲಿ ಆಸ್ಟ್ರೇಲಿಯಾದವರು ಮೊಳಕಾಲು ಸವೆದವರಿಗೇ ಎರಡು ವರ್ಷ ಕೊಟ್ಟು ನೋಡಿದರು. ನೋವೂ ತಗ್ಗಲಿಲ್ಲ, ಸವೆತವೂ ನಿಲ್ಲಲಿಲ್ಲ. 2011ರಲ್ಲಿ ಪ್ರಕಟವಾದ ಸೆಲೆಕ್ಟ್ ಅಧ್ಯಯನದಲ್ಲಂತೂ 400 ಯೂನಿಟ್ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಕಂಡಿತು. ಈ 400 ಅನ್ನೋದು ದೇಹಕ್ಕೆ ಬೇಕಾದದ್ದರ ಹತ್ತು ಪಟ್ಟಿಗಿಂತ ಹೆಚ್ಚು. ಬೇಕಾಗುವಷ್ಟು ಎಲ್ಲಿಂದ ಅಂತೀರಾ? ನಮ್ಮ ಹೊಲದ ಕುಸುಬಿ ಎಣ್ಣಿಯಿಂದ, ಶೇಂಗಾದಿಂದ. (ಅದೇ ಕುಸುಬಿ ಎಣ್ಣಿ ವಾಸನಿ ಅಂತ ರೂಮಿನಾಗ ಮೂಗು ಮುಚ್ಚಿಕೊಂಡವನೂ ನಾನೇ.)

ನಮಗೆ ಊರಿಗೆ ಹೋಗಿ ನಾಲ್ಕು ದಿನ ಕೂಡೋಕೆ ಪುರಸತ್ತಿಲ್ಲ. ಅದರ ಬದಲಿಗೆ ಸ್ಟ್ರಿಪ್ಪು ಕಳಿಸ್ತೀವಿ. ಡಾಕ್ಟರ್ ಬರೆದ ಚೀಟಿ ಓದೋದಿಲ್ಲ, ಫಾರ್ವರ್ಡ್ ಮಾತ್ರ ಪೂರ್ತಿ ಓದ್ತೀವಿ.

ಗುಳಿಗಿ ನಿಲ್ಲಿಸಿದ ಮೇಲೆ ಅವ್ವನ ರಕ್ತ ನಿಂತಿತು. ಎರಡು ಸ್ಟ್ರಿಪ್ಪು ಕಡಿಮೆ ಇದ್ದವು. "ಬಾಜೂ ಮನಿ ಕಾಕಿಗೆ ಕೊಟ್ಟೀನಪ್ಪ, ನನ್ ಮಗ ಬೆಂಗಳೂರಿಂದ ತಂದಾನಂತ" ಅಂದಳು. ಹೋಗಿ ವಾಪಸ್ ಇಸಕೊಂಡು ಬಂದೆ.