ಮಾನಿಟರ್ ಸತ್ತಿಲ್ಲ, ಅಂಗಡಿಯಲ್ಲಿ ಸಾಯಿಸುತ್ತಿದ್ದಾರೆ

‘ಇದು ಹಳೇ ಮಾನಿಟರ್ ಸಾರ್, ಹೊಸ ಕಾರ್ಡಿಗೆ ಬರಲ್ಲ. ಹೊಸದು ತಗೊಂಡ್ಬಿಡಿ.’

ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಕೇಳಿದವರೂ ಮರುಪ್ರಶ್ನೆ ಹಾಕದೆ ದುಡ್ಡು ಎಣಿಸುತ್ತಾರೆ. ಹಾಗೆ ಎಣಿಸಬೇಡಿ. ಮಾನಿಟರ್ ಆನ್ ಆಗಿ ಚಿತ್ರ ತೋರಿಸುವ ಸ್ಥಿತಿಯಲ್ಲಿದ್ದರೆ, ಆ ಮಾತು ಬಹುತೇಕ ಸುಳ್ಳು.

ಮೋಸ ಹೋಗುವವರು ಯಾರು ನೋಡಿ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು, ಡಿಪ್ಲೊಮಾ ಓದುವ ಹುಡುಗರು. ಸಾಲಸೋಲ ಮಾಡಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿರುತ್ತಾರೆ. ಊರಿಗೆ ತಂದು ಜೋಡಿಸಲು ಕೂತರೆ, ಹಳೇ ಮಾನಿಟರಿನ ನೀಲಿ ಪಿನ್ನು ಕೂರಿಸಲು ಕಾರ್ಡಿನಲ್ಲಿ ಜಾಗವೇ ಇರುವುದಿಲ್ಲ. ಕಾರ್ಡ್ ಮಾರುವಾಗ ‘ನಿಮ್ಮ ಮಾನಿಟರಿನ ಹಿಂದೆ ಯಾವ ಪಿನ್ನಿದೆ?’ ಎಂದು ಒಬ್ಬರೂ ಕೇಳಿರುವುದಿಲ್ಲ. ಆಮೇಲೆ ಮಾತ್ರ ತಪ್ಪೆಲ್ಲ ಮಾನಿಟರಿನದು!

ನಿಜ ಸಂಗತಿ ಇಷ್ಟು. ಆ ನೀಲಿ ಪಿನ್ನಿನ ಹೆಸರು ವಿಜಿಎ. 1987ರಲ್ಲಿ ಐಬಿಎಂ ಕಂಪನಿ ತಂದದ್ದು. 3 ಸಾಲಿನಲ್ಲಿ 15 ಪಿನ್ನುಗಳಿರುತ್ತವೆ. ಇದರಲ್ಲಿ ಬಣ್ಣಗಳು ವಿದ್ಯುತ್ತಿನ ಏರಿಳಿತವಾಗಿ ಹರಿಯುತ್ತವೆ, ಇದು ಅನಲಾಗ್. ಈಗಿನ ಕಾರ್ಡುಗಳ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್‌ಗಳಲ್ಲಿ ಅದೇ ಚಿತ್ರ ಸೊನ್ನೆ–ಒಂದುಗಳ ಲೆಕ್ಕವಾಗಿ ಹೋಗುತ್ತದೆ, ಅದು ಡಿಜಿಟಲ್. ಕಾರ್ಡೂ ಸರಿಯಿದೆ, ಮಾನಿಟರೂ ಸರಿಯಿದೆ. ಇಬ್ಬರ ಭಾಷೆ ಬೇರೆ, ಅಷ್ಟೇ. ನಡುವೆ ಒಬ್ಬ ದುಭಾಷಿ ಬೇಕು.

ಆ ದುಭಾಷಿಯೇ ಕನ್ವರ್ಟರ್. ಬೆಲೆ ಕೆಲವು ನೂರು ರೂಪಾಯಿ. ಹೊಸ ಮಾನಿಟರಿಗೆ ಹಲವು ಸಾವಿರ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ.

ವಿಜಿಎ ಬಿಡುವ ತೀರ್ಮಾನ ದಿಢೀರನೆ ಆದದ್ದಲ್ಲ. 2010ರ ಡಿಸೆಂಬರಿನಲ್ಲೇ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು ಒಟ್ಟಾಗಿ ಅದನ್ನು ಸಾರಿದ್ದವು. 2016ರಲ್ಲಿ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1080 ಕಾರ್ಡಿನ ಡಿವಿಐ ಪೋರ್ಟಿನಲ್ಲೂ ಅನಲಾಗ್ ಇರಲಿಲ್ಲ. ಡಿಜಿಟಲ್ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಇಷ್ಟು ವರ್ಷ ಗೊತ್ತಿದ್ದ ವಿಷಯವನ್ನು ಕೌಂಟರಿನಲ್ಲಿ ಒಂದು ಮಾತು ಹೇಳದಿರುವುದಕ್ಕೆ ತಕರಾರು.

ಕನ್ವರ್ಟರ್ ಕೊಳ್ಳುವಾಗಲೂ ಹುಷಾರು. ಎರಡು ಕಡೆ ಟೋಪಿ ಬೀಳುತ್ತದೆ.

ಒಂದು, ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದಕ್ಕೆ ವಿಜಿಎ ಹಾಕಿದ ಬರೀ ವೈರು. ಒಳಗೆ ಚಿಪ್ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ. ‘ಇದರಲ್ಲಿ ಚಿಪ್ ಇದೆಯಾ?’ ಎಂದು ಕೇಳಿ.

ಎರಡು, ದಿಕ್ಕು. ನಿಮಗೆ ಬೇಕಾದ್ದು ‘ಎಚ್‌ಡಿಎಂಐಯಿಂದ ವಿಜಿಎಗೆ’. ‘ವಿಜಿಎಯಿಂದ ಎಚ್‌ಡಿಎಂಐಗೆ’ ಎನ್ನುವುದು ಬೇರೆಯೇ ವಸ್ತು. ತಿರುಗಿಸಿ ಹಾಕಿದರೆ ನಡೆಯದು.

ಮಾನಿಟರಿನ ಹಿಂದೆ ಅಗಲವಾದ ಬಿಳಿ ಡಿವಿಐ ಪೋರ್ಟ್ ಇದ್ದರೆ ಇನ್ನೂ ಸುಲಭ. ಅದು ಡಿಜಿಟಲ್ ಭಾಷೆಯನ್ನೇ ಮಾತಾಡುತ್ತದೆ. ಎಚ್‌ಡಿಎಂಐ–ಡಿವಿಐ ಕೇಬಲ್ ಸಾಕು, ಚಿಪ್ ಬೇಡ. ವಿಜಿಎಯಲ್ಲಿ ಶಬ್ದ ಹೋಗುವುದಿಲ್ಲ, ಸ್ಪೀಕರಿನ ವೈರನ್ನು ಬೇರೆಯಾಗಿ ಸಿಪಿಯುಗೆ ಕೊಡಿ. ಪರದೆಯಲ್ಲಿ ‘ಔಟ್ ಆಫ್ ರೇಂಜ್’ ಎಂದು ಬಂದರೆ ಹೆದರಬೇಡಿ, ಮಾನಿಟರ್ ತಾಳುವುದಕ್ಕಿಂತ ದೊಡ್ಡ ಚಿತ್ರ ಹೋಗುತ್ತಿದೆ ಎಂದರ್ಥ. ಹಳೇ 17 ಇಂಚಿನ ಚೌಕ ಎಲ್‌ಸಿಡಿಗಳಿಗೆ ಸಾಮಾನ್ಯವಾಗಿ 1280×1024, 60 ಹರ್ಟ್ಸ್ ಸರಿಹೊಂದುತ್ತದೆ.

‘ಹಳೇದು ಕರೆಂಟ್ ತಿನ್ನುತ್ತೆ, ಕ್ವಾಲಿಟಿ ಇಲ್ಲ’ ಎನ್ನುತ್ತಾರೆ ಅಂಗಡಿಯವರು. ಹಿಂದೆ ಡುಬ್ಬ ಇರುವ ಟಿವಿಯಂಥ ಮಾನಿಟರಾದರೆ ಒಪ್ಪೋಣ. ಬಣ್ಣ ನೋಡಿ ಆಲ್ಬಂ ಮಾಡುವವರಿಗೆ, ವೇಗದ ಗೇಮ್ ಆಡುವವರಿಗೆ ಹೊಸದು ಬೇಕಾಗಬಹುದು. ಆದರೆ ಅದು ಅವರ ಆಯ್ಕೆಯಾಗಬೇಕು, ಅಂಗಡಿಯವರ ಸುಳ್ಳಿನಿಂದ ಆಗಬಾರದು. ‘ಬೇಕಾದರೆ ಹೊಸದು, ಬೇಡವಾದರೆ ಈ ಕನ್ವರ್ಟರ್’ ಎಂದು ಹೇಳಿದರೆ ಯಾವ ಅಂಗಡಿಯೂ ಮುಳುಗುವುದಿಲ್ಲ. ಕೆಲಸ ಮಾಡುವ ಮಾನಿಟರ್ ಗುಜರಿಗೆ ಹೋದರೆ ಅದು ಇ-ತ್ಯಾಜ್ಯ. ಅದರ ವಿಷ ಸೇರುವುದು ಯಾವುದೋ ಹಳ್ಳಿಯ ಮಣ್ಣಿಗೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವ ವಸ್ತುವಿನ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಅದು ಎತ್ತು ಕೊಳ್ಳುವಾಗ ಹಲ್ಲು ನೋಡುವಷ್ಟೇ ಸಹಜವಾಗಬೇಕು. ಅಂಗಡಿಗೆ ಹೋಗುವ ಮುಂಚೆ ಮಾನಿಟರಿನ ಹಿಂಭಾಗದ ಫೋಟೊ ಫೋನಿನಲ್ಲಿ ತೆಗೆದುಕೊಳ್ಳಿ. ಅದನ್ನು ತೋರಿಸಿ, ‘ಈ ಕಾರ್ಡಿಗೆ ಇದು ಕೂರುತ್ತಾ? ಏನು ಬೇಕು?’ ಎಂದು ಕೇಳಿ. ಅವರು ಕೊಟ್ಟ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಟ್ಟದ್ದು ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬರೆದುಕೊಡಲು ಒಪ್ಪದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ, ಪಕ್ಕದ ಅಂಗಡಿಗೆ ನಡೆಯಿರಿ.