ನಾಬಿನ ಅಂಕೆಯೂ ಮದ್ದಳೆಯ ಶ್ರುತಿಯೂ

ಕುಮಟೆಯಲ್ಲಿ ನಮ್ಮ ನೆರೆಮನೆಯ ತರುಣನೊಬ್ಬ, ರಸಮಂಜರಿ ಕಾರ್ಯಕ್ರಮಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು, ಯಾರೋ ಖ್ಯಾತ ವಾದಕನ ಆಂಪ್ಲಿಫೈಯರಿನ ಅಂಕೆಗಳನ್ನು, ಬೇಸ್ 4, ಮಿಡ್ 6, ಟ್ರೆಬಲ್ 7 ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪಂಚಾಂಗದ ಮುಹೂರ್ತವನ್ನು ಪಾಲಿಸುವ ನಿಷ್ಠೆಯಿಂದ ನಾಬುಗಳನ್ನು ಅಲ್ಲಿಗೇ ತಿರುಗಿಸಿ ನಿಲ್ಲಿಸುತ್ತಾನೆ. ಮಿತ್ರನಿಂದ ಎರವಲು ತಂದ ಬೇರೊಂದು ಗಿಟಾರನ್ನು ಅದೇ ಆಂಪ್ಲಿಫೈಯರ್ ಪೆಟ್ಟಿಗೆಗೆ ಜೋಡಿಸಿದ ದಿನ, ಅಂಕೆಗಳು ಕೂದಲೆಳೆಯಷ್ಟೂ ಕದಲದಿದ್ದರೂ ತಿಳಿಯಾಗಿದ್ದ ನಾದವು ಮಬ್ಬಾಗಿ, ಒಡೆದ ದನಿಯಂತೆ ಹೊರಟುದನ್ನು ಕೇಳಿ, ಪೆಟ್ಟಿಗೆ ಕೆಟ್ಟಿತೆಂದು ರಿಪೇರಿಗೆ ಹೊತ್ತೊಯ್ದನು. ಪೆಟ್ಟಿಗೆ ಸುಸ್ಥಿತಿಯಲ್ಲಿಯೇ ಇತ್ತು, ಬದಲಾದುದು ಗಿಟಾರು.

ಲೋಹದ ತಂತಿಯು ಅಯಸ್ಕಾಂತದ ಬಳಿ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ ಎಂಬ ಈ ಭಾಗವೇ ಗಿಟಾರಿನ ಕಂಠ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನ ಒಂಟಿ ಸುರುಳಿಯ ಪಿಕಪ್ಪು ಝಣತ್ಕಾರದ ಉಚ್ಚಾಂಶಗಳನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಅಳಿಸಲೆಂದು ಗಿಬ್ಸನ್ ಸಂಸ್ಥೆಯ ಸೆತ್ ಲವರ್ ರೂಪಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಜೋಡಿ ಸುರುಳಿಯ ಹಂಬಕರ್, ಆ ಗೊಣಗಿನೊಂದಿಗೆ ಉಚ್ಚಾಂಶಗಳಲ್ಲಿಯೂ ಒಂದು ಪಾಲನ್ನು ನುಂಗಿ, ಉಳಿದುದನ್ನು ಹೆಚ್ಚು ಬಲದಿಂದ ಕಳಿಸುತ್ತದೆ. ಕೇಬಲ್ಲು ಉದ್ದವಾದಷ್ಟೂ ನಾದದ ಹೊಳಪು ಕುಂದುವುದುಂಟು. ಸೇತುವೆಯ ಬಳಿಯ ಪಿಕಪ್ಪಿನ ದನಿ ತೀಕ್ಷ್ಣ, ಕೊರಳಿನ ಬಳಿಯದು ತುಂಬು. ಹೀಗಿರಲು ಟ್ರೆಬಲ್ ಎಂಬ ನಾಬು ಬಂದುದನ್ನು ಹೆಚ್ಚಿಸಬಲ್ಲುದು, ಬಾರದುದನ್ನು ಎಲ್ಲಿಂದ ತಂದೀತು? ಒಳಬಂದ ವಿದ್ಯುತ್ತನ್ನು ಎಷ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಗೇನ್ ಎಂಬುದಂತೂ ಇನ್ನೂ ಮಾಯಾವಿ: ಒಂದು ಗಿಟಾರಿನೊಡನೆ ಸೌಮ್ಯವಾಗಿದ್ದ ಅದೇ 5, ಪ್ರಬಲ ಪಿಕಪ್ಪಿನ ಎದುರು ನಾದವನ್ನು ಹರಿದು ಚಿಂದಿಮಾಡುತ್ತದೆ. (ಮರದ ಜಾತಿಯಿಂದಲೇ ಇದೆಲ್ಲ ಎಂದು ಅಂಗಡಿಯವರು ಹೇಳುವುದುಂಟು, ಟೊಳ್ಳಿಲ್ಲದ ಗಿಟಾರಿನ ವಿಷಯದಲ್ಲಿ ಆ ಮಾತನ್ನು ಅರ್ಧಕ್ಕಿಂತ ಕಡಿಮೆ ನಂಬುವುದು ಕ್ಷೇಮ.)

ಅಂಕೆ ಒಂದೇ ಆದರೂ ವಾದ್ಯ ಬದಲಾದರೆ ನಾದ ಬದಲಾಗುವುದೆಂಬ ಈ ತತ್ತ್ವವನ್ನು ಅರಿಯಲು ನಮ್ಮ ಸೀಮೆಯವರು ಅಮೆರಿಕೆಯ ಕಡೆಗೆ ನೋಡಬೇಕಾದುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳವನ್ನು ಕಟ್ಟಿದ ಹೊನ್ನಾವರದ ನೆಲದಲ್ಲಿ, ಹಾಡುವ ಭಾಗವತರ ಶ್ರುತಿ ಕಪ್ಪು 2, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆ, ಎಂದರೆ ಸಾಕು, ಮದ್ದಳೆಗಾರನು ಅದಕ್ಕೊದಗುವ ಮದ್ದಳೆಯನ್ನು ಆಯ್ದುಕೊಳ್ಳುತ್ತಾನೆ; ಆದರೆ ಶ್ರುತಿ ಒಂದೇ ಆದ ಮಾತ್ರಕ್ಕೆ ಎರಡು ಮದ್ದಳೆಗಳ ನುಡಿ ಒಂದೇ ಆಗದೆಂಬುದನ್ನು, ಹಲಸಿನ ಮರದ ಕಳಸಿಗೆಯ (ಒಡಲಿನ) ದಪ್ಪ, ಚರ್ಮದ ಹದ, ನಡುವಣ ಕಪ್ಪು ಲೇಪದ ಪ್ರಮಾಣ ಇವೆಲ್ಲವೂ ದನಿಯಲ್ಲಿ ಮಾತನಾಡುವುವೆಂಬುದನ್ನು ಅವನು ಬಲ್ಲನು. ಬಯಲಾಟದ ನಡುರಾತ್ರಿಯಲ್ಲಿ ಇಬ್ಬನಿ ಇಳಿದು ಚರ್ಮ ಸಡಿಲಿದರೆ, ಸಂಜೆ ಹೊಂದಿಸಿದ್ದೆನೆಂದು ಸುಮ್ಮನಿರದೆ, ಕಿವಿಗೊಟ್ಟು ಮತ್ತೆ ಶ್ರುತಿಮಾಡುತ್ತಾನೆ.

ನನ್ನ ತಕರಾರಿರುವುದು ಧ್ವನಿವರ್ಧಕದ ಕಡೆಯವರೊಡನೆ. ಭಟ್ಕಳದಿಂದ ಕುಮಟೆಯವರೆಗೆ ಎಷ್ಟೋ ಆಟಗಳಲ್ಲಿ ಕಂಡಿದ್ದೇನೆ: ಭಾಗವತರು ಬದಲಾಗಿ, ಮದ್ದಳೆಯೂ ಬದಲಾಗಿ, ಶ್ರುತಿ ಏರಿದರೂ, ಸಂಜೆ ಏಳಕ್ಕೆ ನಿಲ್ಲಿಸಿದ ಮಿಕ್ಸರಿನ ನಾಬುಗಳು ಬೆಳಗಿನವರೆಗೆ ಶಿಲಾಶಾಸನದಂತೆ ನಿಂತಿರುತ್ತವೆ, ಅವನ್ನು ನೋಡಬೇಕಾದವನು ಚಹಾದಂಗಡಿಯಲ್ಲಿರುತ್ತಾನೆ. ಆಟ ಆಡಿಸುವವರು ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು, ರಾತ್ರಿಯಿಡೀ ಮಿಕ್ಸರಿನ ಮುಂದೆ ಕುಳಿತು ಕೇಳಬಲ್ಲ ಒಬ್ಬನಿಗೆ ಮೀಸಲಿಡಲಿ.

ನೆರೆಮನೆಯ ತರುಣನಿಗೆ, ನಾಬುಗಳನ್ನೆಲ್ಲ ನಡುವಿಗೆ ತಂದು, ಗೇನನ್ನು ತಗ್ಗಿಸಿ, ಅಂಕೆಗಳ ಮೇಲೊಂದು ಬಟ್ಟೆ ಹೊದಿಸಿ, ಬರಿಯ ಕಿವಿಯಿಂದ ಹೊಂದಿಸೆಂದೆನು. ಹೊಂದಿಸಿದನು, ಚೆನ್ನಾಗಿಯೇ ಬಂದಿತು. ಬಟ್ಟೆ ತೆಗೆದವನು ಮೊದಲು ಮಾಡಿದ ಕೆಲಸವೆಂದರೆ, ಜೇಬಿನಿಂದ ಪೆನ್ನು ತೆಗೆದು ಹೊಸ ಅಂಕೆಗಳನ್ನು ಚೀಟಿಯ ಬೆನ್ನಿಗೆ ಬರೆದುಕೊಂಡುದು.