ರಕ್ತಾರ್ಬುದವೂ ಉಪಶಮನ ಚಿಕಿತ್ಸೆಯೂ

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಐರೀನ್ ಜೋಲಿಯೋ-ಕ್ಯೂರಿಯವರ ಹೆಸರು ಅಪರಿಚಿತವಲ್ಲ. ಕೃತಕ ವಿಕಿರಣಶೀಲತೆಯನ್ನು ಪತಿಯೊಡನೆ ಕಂಡುಹಿಡಿದು 1935ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ವಿದುಷಿ 1956ರಲ್ಲಿ ರಕ್ತಾರ್ಬುದದಿಂದ ತೀರಿಕೊಂಡರು. ವಯಸ್ಕರ ತೀವ್ರ ರಕ್ತಾರ್ಬುದವನ್ನು ಗುಣಪಡಿಸುವ ಮದ್ದು ಅಂದು ಇರಲಿಲ್ಲ. ಇಂದು ಉಂಟು, ಆದರೆ ಅದು ಎಲ್ಲರಿಗೂ ಫಲಿಸದು. ಅರವತ್ತು ದಾಟಿದವರಲ್ಲಿ ಬಹುಮಂದಿ ಇಂದಿಗೂ ಪೂರ್ಣವಾಗಿ ಗುಣಹೊಂದುವುದಿಲ್ಲ.

ಈ ರೋಗದಲ್ಲಿ ಅಸ್ಥಿಮಜ್ಜೆಯು ಬಲಿಯದ ಬಿಳಿಯ ಕಣಗಳಿಂದ ತುಂಬಿಹೋಗುತ್ತದೆ. ಕೆಂಪು ಕಣಗಳು ಕುಗ್ಗಿ ಆಯಾಸವೂ ಏದುಸಿರೂ ಉಂಟಾಗುತ್ತವೆ. ಕಿರುಬಿಲ್ಲೆಗಳು, ಎಂದರೆ ಪ್ಲೇಟ್‌ಲೆಟ್‌ಗಳು, ಕುಗ್ಗಿ ರಕ್ತಸ್ರಾವವಾಗುತ್ತದೆ. ಸ್ವಸ್ಥ ಬಿಳಿಯ ಕಣಗಳಿಲ್ಲದೆ ಸೋಂಕು ಜ್ವರಗಳು ಅಂಟಿಕೊಳ್ಳುತ್ತವೆ. ಪ್ರಬಲವಾದ ಔಷಧಿಯು ಮೊದಲ ಕೆಲವು ವಾರ ಈ ಸಂಕಟಗಳನ್ನು ಹೆಚ್ಚಿಸುವುದೂ ಉಂಟು. ಬಾಯಿಹುಣ್ಣು, ವಾಕರಿಕೆ, ನಿದ್ರಾಹೀನತೆ, ಭಯ — ಇವನ್ನು ನೋಡಿಕೊಳ್ಳುವವರು ಯಾರು?

ಇದೇ ಉಪಶಮನ ಚಿಕಿತ್ಸೆಯ ಕ್ಷೇತ್ರ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು, ನೋವೆಂಬುದು ದೇಹಕ್ಕೆ ಮಾತ್ರ ಸೇರಿದುದಲ್ಲ, ಮನಸ್ಸು, ಸಂಸಾರ, ನಂಬಿಕೆಗಳಿಗೂ ಸೇರಿದುದೆಂದು ತೋರಿಸಿಕೊಟ್ಟರು. ಆದರೆ ವೈದ್ಯರು ಕೈಚೆಲ್ಲಿದ ಮೇಲಷ್ಟೇ ಇದರ ಸರದಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪೆಂದು ನನ್ನ ಅಭಿಮತ.

ರೇಡಿಯಮ್ಮಿನ ಒಂದು ಪರಮಾಣು ಎಂದು ಒಡೆಯುವುದೆಂದು ಯಾರೂ ಹೇಳಲಾರರು. ಅಸಂಖ್ಯ ಪರಮಾಣುಗಳಲ್ಲಿ ಅರ್ಧದಷ್ಟು ಎಷ್ಟು ಕಾಲದಲ್ಲಿ ಒಡೆಯುವುವೆಂದು ಮಾತ್ರ ಹೇಳಬಹುದು. ರೋಗಿಗಳ ಲೆಕ್ಕವೂ ಹಾಗೆಯೇ. ಇಂದು ನಗುತ್ತಿದ್ದಾತನು ಮುಂದಿನ ವಾರ ಸೋಂಕಿಗೆ ತುತ್ತಾಗಬಹುದು, ಕಳವಳಗೊಳಿಸಿದಾತನು ಚೇತರಿಸಿಕೊಳ್ಳಬಹುದು. ಸಾವು ಖಚಿತವಾಗಲೆಂದು ಕಾಯುತ್ತ ಕುಳಿತರೆ ಉಪಶಮನಕ್ಕೆ ಕಾಲವೇ ಉಳಿಯದು. ಆದುದರಿಂದ ಅದು ಮೊದಲ ದಿನದಿಂದಲೇ ಮುಖ್ಯ ಚಿಕಿತ್ಸೆಯ ಜೊತೆಯಲ್ಲಿ ನಡೆಯತಕ್ಕದ್ದು.

ಇದರಿಂದ ರೋಗಿಯ ಆಸೆ ಕುಂದುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಅಮೆರಿಕದ ನಾಲ್ಕು ಆಸ್ಪತ್ರೆಗಳಲ್ಲಿ ತೀವ್ರ ಮೈಲಾಯ್ಡ್ ರಕ್ತಾರ್ಬುದದ 160 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯು ಬೇರೆಯೇ ಮಾತನ್ನು ಹೇಳುತ್ತದೆ: ಉಪಶಮನ ವೈದ್ಯರ ನೆರವನ್ನೂ ಜೊತೆಯಲ್ಲೇ ಪಡೆದವರ ಬಾಳು ಹೆಚ್ಚು ಸಹ್ಯವಾಗಿತ್ತು, ಖಿನ್ನತೆ, ಆತಂಕಗಳು ಕಡಿಮೆಯಾಗಿದ್ದುವು.

ನಮ್ಮ ದೇಶದಲ್ಲಿ 1985ರ ಕಾಯಿದೆಯ ಬಿಗಿಯಿಂದ ನೋವು ನೀಗುವ ಮಾರ್ಫೀನ್ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ದಾರಿಯನ್ನು ಸುಗಮಗೊಳಿಸಿತು. ಇನ್ನೊಂದು ಕೊರತೆ ರಕ್ತದ್ದು. ಈ ರೋಗದಲ್ಲಿ ರಕ್ತವನ್ನು ಕೊಡುವುದೇ ಒಂದು ಉಪಶಮನ. ಕಿರುಬಿಲ್ಲೆಗಳನ್ನಾದರೋ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಕೂಡಿಡಲಾಗದು. ದಾನಿಗಳು ಬರುತ್ತಲೇ ಇರಬೇಕು.

ಹದಿನೆಂಟು ತುಂಬಿದ, ಆರೋಗ್ಯವಂತರಾದ ವಿದ್ಯಾರ್ಥಿಗಳು ಇಲ್ಲಿ ನೆರವಾಗಬಲ್ಲರು. ನೀವು ಕೊಟ್ಟ ರಕ್ತವು ರೋಗಿಯನ್ನು ಬದುಕಿಸದೆಯೂ ಹೋದೀತು. ಆದರೆ ಆತನು ಇನ್ನೊಂದು ವಾರ ಏದುಸಿರಿಲ್ಲದೆ ತನ್ನವರೊಡನೆ ಮಾತನಾಡುವಂತಾದರೆ, ಅದನ್ನು ವ್ಯರ್ಥವೆನ್ನಲು ಯಾವ ವಿಜ್ಞಾನಕ್ಕೂ ಅಧಿಕಾರವಿಲ್ಲ.